ಪತಂಗದ ಮೋಹವೋ, ದೀಪದ ಮೋಸವೋ?

ಧರ್ಮೋಪದೇಶದಲ್ಲಿ ಪತಂಗದ ದೃಷ್ಟಾಂತವನ್ನು ಕೇಳದ ಶ್ರಾವಕರು ವಿರಳ. ಸ್ಪರ್ಶಸುಖಕ್ಕೆ ಸೋತು ಆನೆ ಹಳ್ಳಕ್ಕೆ ಬೀಳುತ್ತದೆ. ರುಚಿಗೆ ಸೋತು ಮೀನು ಗಾಳಕ್ಕೆ ಸಿಕ್ಕುತ್ತದೆ. ಗಂಧಕ್ಕೆ ಸೋತು ದುಂಬಿ ಕಮಲದಲ್ಲಿ ಸೆರೆಯಾಗುತ್ತದೆ. ನಾದಕ್ಕೆ ಸೋತು ಜಿಂಕೆ ಬೇಡನ ಬಲೆಗೆ ಬೀಳುತ್ತದೆ. ರೂಪಕ್ಕೆ ಸೋತು ಪತಂಗವು ದೀಪದಲ್ಲಿ ಸುಟ್ಟುಹೋಗುತ್ತದೆ. ಒಂದೊಂದು ಇಂದ್ರಿಯಕ್ಕೆ ವಶವಾದ ಜೀವಿಗಳ ಪಾಡೇ ಹೀಗಾದರೆ ಐದಕ್ಕೂ ದಾಸನಾದ ಮನುಷ್ಯನ ಪಾಡೇನು ಎಂಬ ಪ್ರಶ್ನೆಯೊಂದಿಗೆ ಉಪದೇಶವು ಮುಗಿಯುತ್ತದೆ. ಇಂದ್ರಿಯನಿಗ್ರಹವನ್ನು ಬೋಧಿಸಲು ಇದಕ್ಕಿಂತ ಸುಲಭವಾದ ಮಾತಿಲ್ಲ. ಆದರೆ ಈ ದೃಷ್ಟಾಂತದೊಳಗೆ ಒಂದು ತೀರ್ಪೂ ಅಡಗಿದೆ: ಪತಂಗವು ತನ್ನ ಮೋಹದಿಂದ ತಾನೇ ಸತ್ತಿತು, ದೀಪ ಹಚ್ಚಿದವನಿಗೆ ಆ ಸಾವಿನಲ್ಲಿ ಪಾಲಿಲ್ಲ. ಈ ತೀರ್ಪನ್ನು ಪುನಃ ಪರಿಶೀಲಿಸಬೇಕಾದ ಕಾಲ ಬಂದಿದೆ.

೨೦೨೪ರ ಜನವರಿಯಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟವಾಯಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸ್ಯಾಮ್ಯುಯೆಲ್ ಫೇಬಿಯನ್, ಅಮೆರಿಕದ ಫ್ಲಾರಿಡಾದಲ್ಲಿ ಸಂಶೋಧನೆ ನಡೆಸುತ್ತಿದ್ದ ಯಶ್ ಸೋಂಧಿ ಮತ್ತು ಅವರ ಸಂಗಡಿಗರು ಪ್ರಯೋಗಾಲಯದಲ್ಲಿಯೂ ಕೋಸ್ಟರಿಕಾ ದೇಶದ ಬಯಲಿನಲ್ಲಿಯೂ ಅತಿವೇಗದ ಕ್ಯಾಮೆರಾಗಳನ್ನಿಟ್ಟು, ದೀಪದ ಸುತ್ತ ಹಾರುವ ಕೀಟಗಳ ಚಲನೆಯನ್ನು ಕ್ಷಣಕ್ಷಣವೂ ಚಿತ್ರಿಸಿದರು. ಕೀಟವು ದೀಪದ ಕಡೆಗೆ ನೇರವಾಗಿ ನುಗ್ಗುವುದಿಲ್ಲ ಎಂಬುದು ಅವರಿಗೆ ಕಂಡುಬಂದಿತು. ಅದು ದೀಪಕ್ಕೆ ತನ್ನ ಬೆನ್ನನ್ನು ತಿರುಗಿಸುತ್ತದೆ.

ಇದರ ಕಾರಣವು ಸರಳವಾಗಿದೆ. ಕೋಟ್ಯಂತರ ವರ್ಷಗಳಿಂದ ಇರುಳಿನಲ್ಲಿಯೂ ಆಕಾಶವು ನೆಲಕ್ಕಿಂತ ಬೆಳಕಾಗಿಯೇ ಇದೆ. ಬೆಳಕಿರುವ ಕಡೆಗೆ ಬೆನ್ನು ಮಾಡಿದರೆ ಕಾಲುಗಳು ತಾವಾಗಿ ನೆಲದ ಕಡೆಗೆ ಇರುತ್ತವೆ; ಮೇಲು ಯಾವುದು, ಕೆಳಗು ಯಾವುದು ಎಂದು ಹಾರುವ ಕೀಟವು ತಿಳಿಯುವುದು ಹೀಗೆ. ಹತ್ತಿರದಲ್ಲಿ ಕೃತಕ ದೀಪವೊಂದು ಉರಿದಾಗ ಈ ಲೆಕ್ಕವೇ ತಪ್ಪುತ್ತದೆ. ದೀಪವನ್ನೇ ಆಕಾಶವೆಂದು ಬಗೆದ ಕೀಟವು ಮತ್ತೆ ಮತ್ತೆ ಅದಕ್ಕೆ ಬೆನ್ನು ಕೊಡುತ್ತ, ಸುತ್ತುತ್ತ, ಬಿಡಿಸಿಕೊಳ್ಳಲಾರದೆ ಬಳಲುತ್ತದೆ. ದೀಪವು ಕೆಳಗಿನಿಂದ ಮೇಲಕ್ಕೆ ಬೆಳಗುತ್ತಿದ್ದರೆ, ಅದರ ಮೇಲೆ ಹಾರಿಬಂದ ಕೀಟವು ಮಗುಚಿ ನೆಲಕ್ಕೆ ಅಪ್ಪಳಿಸುತ್ತದೆ. ಎಲ್ಲ ಕೀಟಗಳೂ ಹೀಗೆ ವರ್ತಿಸುವುದಿಲ್ಲ. ಬಹಳ ದೂರದ ಕೀಟಗಳು ದೀಪದ ಬಳಿಗೆ ಹೇಗೆ ಬರುತ್ತವೆ ಎಂಬುದನ್ನೂ ಈ ಸಂಶೋಧನೆ ಹೇಳುವುದಿಲ್ಲ. ಆದರೆ ಸಮೀಪಕ್ಕೆ ಬಂದ ಪತಂಗವು ಅಲ್ಲಿಂದ ಹೊರಟುಹೋಗದಿರುವುದು ರೂಪದ ಮೋಹದಿಂದಲ್ಲ, ದಿಕ್ಕು ತಪ್ಪಿದುದರಿಂದ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸಿದೆ.

ಇಲ್ಲಿಯೇ ನೀತಿಯ ಪ್ರಶ್ನೆ ಹುಟ್ಟುತ್ತದೆ. ದಾರಿಯಲ್ಲಿ ಹೋಗುವವನು ಲೋಭದಿಂದ ಬಾವಿಗೆ ಇಳಿದು ಮುಳುಗುವುದು ಬೇರೆ; ದಾರಿಯಲ್ಲಿಯೇ ಬಾವಿ ತೋಡಿ, ಅದರ ಮೇಲೆ ಹುಲ್ಲು ಹರಡಿ, ಬಿದ್ದವನನ್ನು ಲೋಭಿಯೆಂದು ಜರೆಯುವುದು ಬೇರೆ. ಪತಂಗವು ಮೋಹಿತವಲ್ಲ, ವಂಚಿತ ಎಂದಾದ ಮೇಲೆ ಅದರ ಸಾವಿನ ಹೊಣೆಯ ಒಂದು ಭಾಗವಾದರೂ ದೀಪವನ್ನು ಇಟ್ಟವರ ಕಡೆಗೆ ಸರಿಯುತ್ತದೆ.

ಒಂದು ಹಣತೆಯ ಕಾಲದಲ್ಲಿ ಈ ಹೊಣೆ ಚಿಕ್ಕದಾಗಿತ್ತು. ಈಗ ಅದು ಬೆಳೆದಿದೆ. ೨೦೧೧ರಿಂದ ೨೦೨೨ರವರೆಗೆ ಅನೇಕ ದೇಶಗಳ ಜನರು ತಾವು ಕಂಡ ನಕ್ಷತ್ರಗಳನ್ನು ಲೆಕ್ಕಹಾಕಿ ಕಳುಹಿಸಿದ ವಿವರಗಳಿಂದ, ಇರುಳಿನ ಆಕಾಶದ ಕೃತಕ ಬೆಳಕು ವರ್ಷಕ್ಕೆ ಸರಾಸರಿ ನೂರಕ್ಕೆ ಸುಮಾರು ೧೦ರಂತೆ ಹೆಚ್ಚುತ್ತಿರುವುದು ತಿಳಿದುಬಂದಿದೆ. ಇಂಗ್ಲೆಂಡಿನಲ್ಲಿ ನಡೆಸಿದ, ೨೦೨೧ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೀದಿದೀಪವಿರುವ ಬೇಲಿಸಾಲುಗಳಲ್ಲಿ ಪತಂಗದ ಮರಿಹುಳುಗಳು ಕತ್ತಲಿನ ಬೇಲಿಸಾಲುಗಳಲ್ಲಿರುವುದಕ್ಕಿಂತ ನೂರಕ್ಕೆ ೪೭ರಷ್ಟು ಕಡಿಮೆಯಾಗಿದ್ದವು. ಹಳದಿ ಸೋಡಿಯಂ ದೀಪಗಳಿಗಿಂತ ಬಿಳಿಯ ಎಲ್.ಇ.ಡಿ. ದೀಪಗಳ ಪರಿಣಾಮವೇ ಹೆಚ್ಚಾಗಿತ್ತು. ಕೀಟಗಳು ಕಡಿಮೆಯಾಗುವುದಕ್ಕೆ ಕೀಟನಾಶಕ, ನೆಲೆಯ ನಾಶ ಮೊದಲಾದ ಬೇರೆ ಕಾರಣಗಳೂ ಉಂಟು. ಬೆಳಕು ಅವುಗಳಲ್ಲಿ ಒಂದು. ಮನುಷ್ಯನು ಒಂದು ಗುಂಡಿ ಒತ್ತಿ ತಡೆಯಬಹುದಾದ ಕಾರಣ ಅದು.

ಜೈನ ಸಿದ್ಧಾಂತದಲ್ಲಿ ಪತಂಗವು ಚತುರಿಂದ್ರಿಯ ಜೀವಿ. ನೋಯಬಲ್ಲ, ಬದುಕಲು ಬಯಸುವ ಜೀವ. ವಿಜ್ಞಾನವು ಬೇರೊಂದು ದಾರಿಯಿಂದ ಈ ಪ್ರಶ್ನೆಯ ಬಾಗಿಲಿಗೆ ಬಂದಿದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ದುಂಬಿಜೇನುಗಳು ಯಾವ ಆಹಾರವೂ ದೊರೆಯದಿದ್ದರೂ ಚಿಕ್ಕ ಮರದ ಚೆಂಡುಗಳನ್ನು ಉರುಳಿಸಿ ಆಡುವಂತೆ ಕಂಡುದು ೨೦೨೨ರಲ್ಲಿ ವರದಿಯಾಯಿತು. ೨೦೨೪ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ವಿಜ್ಞಾನಿಗಳೂ ತತ್ತ್ವಶಾಸ್ತ್ರಜ್ಞರೂ ಹೊರಡಿಸಿದ ಘೋಷಣೆಯೊಂದು, ಕೀಟಗಳಲ್ಲಿಯೂ ಅನುಭವವಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲವೆಂದೂ, ಅಂತಹ ಸಾಧ್ಯತೆಯಿರುವಾಗ ಆ ಜೀವಿಗಳ ಹಿತವನ್ನು ಗಣಿಸದೆ ನಡೆಯುವುದು ಹೊಣೆಗೇಡಿತನವೆಂದೂ ಸಾರಿತು.

ಇಂತಹ ಸುದ್ದಿಗಳು ಬಂದಾಗ ಸಮಾಜದಲ್ಲಿ ಒಂದು ಉತ್ಸಾಹ ಏಳುವುದುಂಟು: ಆಗಮಗಳು ಅಂದೇ ಹೇಳಿದುದನ್ನು ವಿಜ್ಞಾನವು ಇಂದು ಒಪ್ಪಿತು ಎಂದು. ಈ ಉತ್ಸಾಹದಲ್ಲಿ ಎರಡು ಅಪಾಯಗಳಿವೆ. ಮೊದಲನೆಯದು, ವಿಜ್ಞಾನವು ತನ್ನ ಮಾತನ್ನು ತಾನೇ ತಿದ್ದಿಕೊಳ್ಳುತ್ತ ಸಾಗುವ ವಿದ್ಯೆ. ಇಂದಿನ ಸಂಶೋಧನೆಯ ಮೇಲೆ ಶ್ರದ್ಧೆಯನ್ನು ನಿಲ್ಲಿಸಿದವನು ನಾಳೆ ಅದು ಬದಲಾದಾಗ ಶ್ರದ್ಧೆಯನ್ನೂ ಕಳೆದುಕೊಳ್ಳುತ್ತಾನೆ. ಒಂದೊಂದು ನಯವೂ ತನ್ನ ಮಿತಿಯಲ್ಲಿ ಸತ್ಯವನ್ನು ಹೇಳುತ್ತದೆ ಎಂದು ಕಲಿಸಿದ ಅನೇಕಾಂತವು ಈ ಅವಸರವನ್ನು ಒಪ್ಪುವುದಿಲ್ಲ. ಎರಡನೆಯದು ಇನ್ನೂ ದೊಡ್ಡದು. ಹಿರಿಯರು ಮೊದಲೇ ತಿಳಿದಿದ್ದರೆಂಬ ಹೆಮ್ಮೆಯು, ತಿಳಿದುದನ್ನು ಆಚರಿಸಿದ ಸಮಾಧಾನವನ್ನು ಪುಕ್ಕಟೆಯಾಗಿ ಕೊಟ್ಟುಬಿಡುತ್ತದೆ. ಮೊದಲೇ ತಿಳಿದವರ ಹೊಣೆ ತಡವಾಗಿ ತಿಳಿದವರ ಹೊಣೆಗಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ದೀಪ ಬೆಳಗುವವನ ಭಾವದಲ್ಲಿ ಭಕ್ತಿಯಿದೆ, ಕೊಲ್ಲುವ ಸಂಕಲ್ಪವಿಲ್ಲ. ಆದ್ದರಿಂದ ದೋಷವೆಲ್ಲಿ ಎಂದು ಕೇಳಬಹುದು. ಈ ಆಕ್ಷೇಪವನ್ನು ಹಗುರವಾಗಿ ಕಾಣಬಾರದು. ಭಾವಕ್ಕೆ ಪ್ರಾಧಾನ್ಯ ಕೊಟ್ಟ ಧರ್ಮವಿದು. ಗೃಹಸ್ಥನ ಬಾಳಿನಲ್ಲಿ ತಪ್ಪಿಸಲಾಗದ ಆರಂಭೀ ಹಿಂಸೆಯನ್ನು ಸಂಕಲ್ಪೀ ಹಿಂಸೆಯಿಂದ ಬೇರ್ಪಡಿಸಿ ನೋಡಿದ ವಿವೇಕವೂ ಇಲ್ಲಿಯದೇ. ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು ಮುಂದಿಟ್ಟಿದೆ, ದ್ವೇಷವೊಂದನ್ನೇ ಅಲ್ಲ. ಎಚ್ಚರವಿಲ್ಲದ ಪ್ರವೃತ್ತಿಯಿಂದ ಪ್ರಾಣಕ್ಕೆ ಬರುವ ಹಾನಿಯೇ ಹಿಂಸೆ. ತಿಳಿಯದವನ ಕೈಯಲ್ಲಿ ಆಕಸ್ಮಿಕವಾಗಿದ್ದುದು, ತಿಳಿದ ಮೇಲೂ ಮುಂದುವರಿದರೆ ಪ್ರಮಾದವಾಗುತ್ತದೆ. ತಪ್ಪಿಸಬಹುದಾದುದನ್ನು ತಪ್ಪಿಸಲಾಗದ್ದರ ಪಟ್ಟಿಗೆ ಸೇರಿಸುವುದು ಆರಂಭೀ ಹಿಂಸೆ ಎಂಬ ಪದದ ದುರುಪಯೋಗ.

ಪೂರ್ವಾಚಾರ್ಯರು ದೀಪದ ವಿಷಯದಲ್ಲಿ ಮೌನವಾಗಿರಲಿಲ್ಲ. ಅಮೃತಚಂದ್ರಾಚಾರ್ಯರ ಪುರುಷಾರ್ಥಸಿದ್ಧ್ಯುಪಾಯವು ರಾತ್ರಿಭೋಜನವನ್ನು ನಿಷೇಧಿಸುವಾಗ, ದೀಪ ಹಚ್ಚಿಕೊಂಡರೂ ಆಹಾರಕ್ಕೆ ಬೀಳುವ ಸೂಕ್ಷ್ಮ ಜೀವಿಗಳ ಹಿಂಸೆ ತಪ್ಪದೆಂಬುದನ್ನು ಕಾರಣವಾಗಿ ಕೊಡುತ್ತದೆ. ಆ ಎಚ್ಚರವು ತಟ್ಟೆಯ ಬಳಿಯಲ್ಲಿಯೇ ನಿಂತು ಅಂಗಳಕ್ಕೆ ಬಾರದಿದ್ದರೆ ವ್ರತದ ಅಕ್ಷರ ಉಳಿದು ಅರ್ಥ ಹೋದಂತೆ. ಮಳೆಗಾಲದಲ್ಲಿ ನೆಲದ ಮೇಲೆ ಜೀವರಾಶಿ ಹೆಚ್ಚುವುದೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸ ಮಾಡುತ್ತಾರೆ. ಅದೇ ತಿಂಗಳುಗಳಲ್ಲಿ ಪರ್ವದ ಸಂಭ್ರಮಕ್ಕೆಂದು ಬಸದಿಯ ಶಿಖರಕ್ಕೂ ಮಾನಸ್ತಂಭಕ್ಕೂ ನೆಲದಿಂದ ಮೇಲ್ಮುಖವಾಗಿ ಫ್ಲಡ್ ಲೈಟ್ ಹಾಕಿದರೆ, ಬೆಳಗ್ಗೆ ಅಂಗಳ ಗುಡಿಸುವವರ ಮೊರಕ್ಕೆ ರೆಕ್ಕೆ ಕಳಚಿದ ಗೆದ್ದಲು, ಹಾತೆ, ಜೀರುಂಡೆಗಳು ರಾಶಿಯಾಗಿ ಬೀಳುತ್ತವೆ. ಒಳಗೆ ಮುನಿಗಳು ಪಿಂಛಿಯಿಂದ ಒಂದು ಇರುವೆಯನ್ನು ಮೃದುವಾಗಿ ಸರಿಸುತ್ತಿರುವಾಗ ಹೊರಗೆ ಈ ರಾಶಿ ಬೀಳುವುದು ಯಾವ ಧರ್ಮಪ್ರಭಾವನೆ?

ಇದಕ್ಕೆ ಬೇಕಾದ ಪರಿಹಾರಗಳು ಕಷ್ಟದವಲ್ಲ. ಮೇಲ್ಮುಖವಾದ ದೀಪಗಳನ್ನು ತೆಗೆಯಬಹುದು. ಬೇಕಾದ ದೀಪಗಳಿಗೆ ಮುಚ್ಚಳವಿಟ್ಟು ಬೆಳಕು ನಡೆಯುವ ದಾರಿಗೆ ಮಾತ್ರ ಬೀಳುವಂತೆ ಮಾಡಬಹುದು. ಪ್ರಖರವಾದ ಬಿಳಿಯ ಬೆಳಕಿನ ಬದಲು ಮಂದವಾದ ಹಳದಿ ಬೆಳಕನ್ನು ಆರಿಸಬಹುದು. ಕಾರ್ಯಕ್ರಮ ಮುಗಿದೊಡನೆ ಆರಿಸಬಹುದು. ಸಾಧ್ಯವಿದ್ದಷ್ಟನ್ನು ಸೂರ್ಯಾಸ್ತಕ್ಕೆ ಮೊದಲೇ ಮುಗಿಸಬಹುದು. ನಂದಾದೀಪಕ್ಕೆ ಗಾಜಿನ ಆವರಣವಿಟ್ಟರೆ ಭಕ್ತಿಗೆ ಕುಂದಿಲ್ಲ, ಪತಂಗಕ್ಕೆ ಉರಿಯಿಲ್ಲ. ಇದರಿಂದ ಬಸದಿಯ ವಿದ್ಯುತ್ ವೆಚ್ಚವೂ ತಗ್ಗುತ್ತದೆ. ಟ್ರಸ್ಟಿನ ಸಭೆಯಲ್ಲಿ ಇದಕ್ಕೆ ತಗಲುವುದು ಒಂದು ನಿರ್ಣಯ. ಮನೆಯಲ್ಲಿ ಮಲಗುವ ಮುನ್ನ ಜಗಲಿಯ ದೀಪವನ್ನು ಆರಿಸುವ ಅಭ್ಯಾಸ.

ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಇರುಳು, ಲೋಕದಿಂದ ಜ್ಞಾನದ ಬೆಳಕು ಮರೆಯಾಯಿತೆಂದು ಅರಸರು ದ್ರವ್ಯದೀಪಗಳನ್ನು ಬೆಳಗಿಸಿದರೆಂದು ಕಲ್ಪಸೂತ್ರದಲ್ಲಿ ಹೇಳಿದೆ. ದೀಪಾವಳಿಯ ದೀಪದ ಅರ್ಥವು ಇದೇ: ಅದು ಜ್ಞಾನಕ್ಕೆ ಪ್ರತಿನಿಧಿ. ಪ್ರತಿನಿಧಿಯನ್ನು ಬೆಳಗಿಸುವ ಸಡಗರದಲ್ಲಿ, ಎದುರಿಗೆ ಬಂದು ನಿಂತ ತಿಳಿವನ್ನು ಕಾಣದೆ ಹೋಗುವುದು ಆ ಅರಸರ ಭಾವಕ್ಕೆ ಒಪ್ಪುವುದಿಲ್ಲ. ಪತಂಗದ ದೃಷ್ಟಾಂತವನ್ನು ಉಪದೇಶದಿಂದ ಕೈಬಿಡಬೇಕಾಗಿಲ್ಲ. ಅದರ ಅರ್ಥವನ್ನು ಮಾತ್ರ ತಿರುಗಿಸಿಕೊಳ್ಳಬೇಕಾಗಿದೆ. ಬೆಳಕಿನ ಮೋಹಕ್ಕೆ ಸಿಕ್ಕಿ ಹಿತಾಹಿತವನ್ನು ಮರೆತಿರುವುದು ಪತಂಗವಲ್ಲ, ದೀಪವನ್ನು ಹಚ್ಚಿದ ಕೈ. ಆ ಕೈಗೆ ಆರಿಸುವ ಶಕ್ತಿಯೂ ಇದೆ; ಪತಂಗಕ್ಕೆ ಅದಿಲ್ಲ.