ಅವರವರ ನಿಮಿಷ

ಕಾರವಾರದಿಂದ ಅಂಕೋಲೆಗೆ ಹೋಗುವಾಗ ಅಮದಳ್ಳಿ ಬಂತೆಂದರೆ ಹಿಂದಿನ ಸೀಟಿನಲ್ಲಿ ಕೂತ ಅಮ್ಮ ಮುಂದಕ್ಕೆ ಬಾಗುತ್ತಾಳೆ. ಮಳೆಗಾಲದಲ್ಲಿ ಅಲ್ಲಿ ದನಗಳು 66ನೇ ನಂಬರಿನ ಹೆದ್ದಾರಿಯ ಮೇಲೆಯೇ ಮೆಲುಕು ಹಾಕುತ್ತ ಮಲಗಿರುತ್ತವೆ. ಸ್ಟಿಯರಿಂಗ್ ನನ್ನ ಕೈಯಲ್ಲಿದ್ದರೆ ಸಾಕಷ್ಟು ಹತ್ತಿರವಾದ ಮೇಲೆ "ದನ ನೋಡು" ಎನ್ನುತ್ತಾಳೆ. ಎಪ್ಪತ್ತು ದಾಟಿದ ಅಪ್ಪ ಓಡಿಸುತ್ತಿದ್ದರೆ, ದನ ಇನ್ನೂ ಮಸುಕು ಚುಕ್ಕೆಯಾಗಿರುವಾಗಲೇ "ಸಾವಕಾಶ ಹೋಗಿ" ಎನ್ನುತ್ತಾಳೆ. ಈ ಲೆಕ್ಕವನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ.

ಈಗಿನ ಕೆಲವು ಕಾರುಗಳಲ್ಲಿ ಈ ಕೆಲಸಕ್ಕೆ ರಾಡಾರ್, ಕ್ಯಾಮೆರಾಗಳಿವೆ. ಮುಂದಿನ ವಾಹನ ಎಷ್ಟು ದೂರ, ನಾವು ಎಷ್ಟು ವೇಗದಲ್ಲಿ ಅದರ ಸಮೀಪ ಹೋಗುತ್ತಿದ್ದೇವೆ ಎಂದು ಅಳೆದು, ಡಿಕ್ಕಿಗೆ ಉಳಿದ ಸೆಕೆಂಡುಗಳನ್ನು ಎಣಿಸಿ ಕೂಗುತ್ತವೆ. ತೀರಾ ಮೊದಲೇ ಕೂಗಿದರೆ ಕಿರಿಕಿರಿಯಾಗಿ ಜನ ಬಂದ್ ಮಾಡುತ್ತಾರೆ. ತಡವಾದರೆ ಕೂಗಿ ಫಲವಿಲ್ಲ. ಹಾಗಾದರೆ ಸರಿಯಾದ ಹೊತ್ತು ಯಾವುದು? ಅದು ಎಲ್ಲರಿಗೂ ಒಂದೇ ಅಲ್ಲ ಎಂಬುದರ ಸುಳಿವು ಹಳೆಯದು.

1796ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮಾಸ್ಕೆಲಿನ್ ತನ್ನ ಸಹಾಯಕ ಕಿನ್ನೆಬ್ರೂಕನನ್ನು ಕೆಲಸದಿಂದ ತೆಗೆದ. ದೂರದರ್ಶಕದೊಳಗಿನ ತಂತಿಯನ್ನು ನಕ್ಷತ್ರ ದಾಟುವ ಗಳಿಗೆಯನ್ನು ಅವನು ಯಜಮಾನನಿಗಿಂತ 0.8 ಸೆಕೆಂಡ್ ತಡವಾಗಿ ಬರೆಯುತ್ತಿದ್ದ. ಹಲವು ವರ್ಷಗಳ ನಂತರ ಜರ್ಮನಿಯ ಬೆಸೆಲ್ ನುರಿತ ಖಗೋಳಜ್ಞರನ್ನೇ ಹೋಲಿಸಿ ನೋಡಿದ: ಅವರಲ್ಲೂ ಒಬ್ಬೊಬ್ಬರದು ಒಂದೊಂದು ಹೊತ್ತು! ಗಂಟೆಗೆ 60 ಕಿ.ಮೀ. ವೇಗದಲ್ಲಿ ಆ 0.8 ಸೆಕೆಂಡ್ ಎಂದರೆ 13 ಮೀಟರ್. ಅಮದಳ್ಳಿಯ ರಸ್ತೆಯಲ್ಲಿ ಒಂದು ಕರುವಿನ ಜೀವ ಅಷ್ಟರೊಳಗಿದೆ.

ನಮ್ಮಲ್ಲಿ ರಸ್ತೆ ಕಟ್ಟುವವರು ನೋಡಿ ಬ್ರೇಕ್ ತುಳಿಯಲು 2.5 ಸೆಕೆಂಡ್ ಎಂದು ಎಲ್ಲರಿಗೂ ಒಂದೇ ಲೆಕ್ಕ ಹಿಡಿಯುತ್ತಾರೆ. ರಸ್ತೆಗೆ ಅದು ಸರಿ. ಅದರ ಮೇಲೆ ಯಾರು ಬರುತ್ತಾರೋ ಅದಕ್ಕೇನು ಗೊತ್ತು? ಕಾರಿಗೆ ಗೊತ್ತಾಗಬಹುದು. ಎಚ್ಚರಿಕೆ ಬೇಗ ಬೇಕೋ ತಡವಾಗಿ ಬೇಕೋ ಎಂದು ಹಲವು ಕಾರುಗಳಲ್ಲಿ ನಾವೇ ಆರಿಸಿಕೊಳ್ಳಬಹುದು. ಚಾಲಕ ಬ್ರೇಕ್ ತುಳಿಯುವ ಬಗೆ ನೋಡಿ ಯಂತ್ರವೇ ಅದನ್ನು ಕಲಿಯಬೇಕು ಎಂಬುದು ಸಂಶೋಧಕರ ಹಂಬಲ.

ನಿಮಿಷ ಎಂದರೆ ಮೊದಲಿಗೆ ಎವೆಯಿಕ್ಕುವಷ್ಟು ಹೊತ್ತು. ದೇವತೆಗಳು ಅನಿಮಿಷರು, ಎವೆಯಿಕ್ಕದವರು. ರಾಡಾರ್ ಕೂಡ ಎವೆಯಿಕ್ಕದು. ಆದರೆ ನನಗೆ ಅದಕ್ಕಿಂತ ದೊಡ್ಡ ಬೆರಗು, ಎವೆಯಿಕ್ಕುವ ನಮ್ಮೊಬ್ಬೊಬ್ಬರ ನಿಮಿಷ ಎಷ್ಟುದ್ದ ಎಂದು ಅದು ಕಲಿಯಹೊರಟಿರುವುದು. ದಣಿದ ದಿನ ಅದೇ ನಿಮಿಷ ಹಿಗ್ಗುತ್ತದೆ, ಅದನ್ನೂ ಕಲಿಯಬೇಕು. ಎಚ್ಚರಿಸಲು ದಾರಿಯನ್ನಷ್ಟೇ ನೋಡಿದರೆ ಸಾಲದು, ಓಡಿಸುವವರನ್ನೂ ನೋಡುತ್ತಿರಬೇಕು.

ಅಮ್ಮ ಐವತ್ತು ವರ್ಷದಿಂದ ನೋಡುತ್ತಿದ್ದಾಳೆ. ಅಪ್ಪನ ಕಾಲು ಬ್ರೇಕಿಗೆ ಹೋಗುವವರೆಗೂ ಮುಂದಿನ ಸೀಟಿನ ಅಂಚು ಹಿಡಿದ ಅವಳ ಬೆರಳು ಸಡಿಲುವುದಿಲ್ಲ.