ಯಾರ ಕಡಿಂದ್ರೀ?

ಬೆಂಗಳೂರಿನ ಗೆಳೆಯರಿಗೆ ‘ಸೊನ್ನ’ ಅಂದರೆ ಸೊನ್ನೆ ಅಂತಲೇ ಕೇಳಿಸುತ್ತದೆ. ಅದು ಅಫಜಲಪುರ ತಾಲ್ಲೂಕಿನ ಊರು, ಭೀಮಾ ನದಿಗೆ ಅಡ್ಡವಾಗಿ ಬ್ಯಾರೇಜ್ ಕಟ್ಟಿರುವ ಜಾಗ. ಮೇಲೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರೆ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ, ‘ಸೊನ್ನದಾಗ ಎಷ್ಟ ಬಿಟ್ಟಾರ?’ 2020ರ ಅಕ್ಟೋಬರ್‌ನಲ್ಲಿ ಅದಕ್ಕೆ ಬರುತ್ತಿದ್ದ ಉತ್ತರ ಲಕ್ಷ ಕ್ಯುಸೆಕ್‌ಗಳ ಲೆಕ್ಕದಲ್ಲಿತ್ತು. ಅಫಜಲಪುರ, ಜೇವರ್ಗಿ ಕಡೆಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಜನ ಶಾಲೆಗಳಲ್ಲಿ ತೆರೆದ ಕಾಳಜಿ ಕೇಂದ್ರಗಳಿಗೆ ಬಂದರು.

ಕೊರೊನಾ ಕಾಲ. ನಾನು ಕಲಬುರಗಿಯ ಮನೆಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ನಮ್ಮ ಚರ್ಚಿನ ಹುಡುಗರು ಅಕ್ಕಿ, ತೊಗರಿಬೇಳೆ, ಎಣ್ಣೆ, ಮಾಸ್ಕ್ ಕೂಡಿಸಿ ಒಂದು ಟೆಂಪೋ ತುಂಬಿದರು. ಹೊರಡುವ ಮೊದಲು ಅಂಗಳದಲ್ಲೇ ವಾದ ಶುರುವಾಯಿತು: ಬ್ಯಾನರ್ ಕಟ್ಟಬೇಕಾ, ಬೇಡವಾ? ಹಿರಿಯರೊಬ್ಬರು, ‘ಬ್ಯಾಡ, ಮತಾಂತರಕ್ಕ ಬಂದಾರಂತಾರ’ ಅಂದರು. ಒಬ್ಬ ಹುಡುಗಿಗೆ ಸಿಟ್ಟು ಬಂತು. ‘ಪಕ್ಷದವ್ರು ಕಟ್ತಾರ, ಸಂಘದವ್ರು ಕಟ್ತಾರ, ನಾವಷ್ಟ ಯಾಕ ಕಳ್ಳರಂಗ ಹೋಗಬೇಕು?’ ಕೊನೆಗೆ ಬ್ಯಾನರ್ ಇಲ್ಲದೆ ಹೊರಟೆವು. ಆ ತೀರ್ಮಾನ ಸರಿ ಅಂತ ಇವತ್ತಿಗೂ ನನ್ನ ಅನಿಸಿಕೆ. ಹಸಿದವರ ಮುಂದೆ ಹೆಸರು ಹಿಡಿದು ನಿಲ್ಲುವುದು ಯಾರು ಮಾಡಿದರೂ ಅಸಹ್ಯವೇ.

ತಪ್ಪಾಗಿದ್ದು ಆಮೇಲೆ. ಶಾಲೆಯ ಗೇಟಿನಲ್ಲಿ ಒಬ್ಬ ಯುವಕ ಮೊಬೈಲ್ ಹಿಡಿದು ನಿಂತಿದ್ದ. ‘ಯಾರ ಕಡಿಂದ್ರೀ?’

‘ಫ್ರೆಂಡ್ಸ್ ಗ್ರೂಪ್ರೀ. ಕಲಬುರಗಿಯಿಂದ.’

‘ಯಾವ ಸಂಘಟನಿ?’

‘ಸಂಘಟನಿ ಗಿಂಘಟನಿ ಏನಿಲ್ರೀ.’

ಮೂರನೇ ಸಲ ಅವನು ಕೇಳಲಿಲ್ಲ, ಕೋಳಿಯೂ ಕೂಗಲಿಲ್ಲ. ಶುಭಸಂದೇಶ ಓದಿದವರಿಗೆ ನಾನು ಹೇಳುತ್ತಿರುವುದು ಗೊತ್ತಾಗಿರುತ್ತದೆ. ಯೇಸುವನ್ನು ಹಿಡಿದೊಯ್ದ ರಾತ್ರಿ ಅಂಗಳದಲ್ಲಿದ್ದವರು ‘ನೀನೂ ಅವನ ಕಡೆಯವನೇ’ ಅಂದಾಗ ಪೇತ್ರ ಮೂರು ಸಲ ‘ಅಲ್ಲ’ ಅಂದ. ಅವನ ಮಾತಿನ ಧಾಟಿಯೇ ಅವನು ಯಾವ ಕಡೆಯವನು ಅಂತ ಹೇಳುತ್ತಿತ್ತಂತೆ. ನನ್ನ ಧಾಟಿ ಕಲಬುರಗಿಯದೇ, ಹಾಗಾಗಿ ಸಿಕ್ಕಿಬೀಳಲಿಲ್ಲ.

ಒಳಗೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಆಯಿ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು ಅದೇ ಪ್ರಶ್ನೆ ಕೇಳಿದಳು. ನಾನು ಅದೇ ಉತ್ತರ ಕೊಟ್ಟೆ. ಆಕೆಗೆ ಸಮಾಧಾನವಾಗಲಿಲ್ಲ. ‘ಯಾರದಂತ ತಿಳೀದಂಗ ಹ್ಯಾಂಗ ಉಣ್ಲಿ ತಮ್ಮಾ? ನಾಳಿ ನಾ ಯಾರಿಗೆ ನೆನಸ್ಲಿ?’

ವಾಪಸು ಬರುವಾಗ ಟೆಂಪೋದಲ್ಲಿ ನನ್ನ ಪರವಾಗಿ ನಾನೇ ವಾದಿಸಿದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ ಯೇಸುವೇ ಹೇಳಿಲ್ಲವೇ? ಹೇಳಿದ್ದಾನೆ, ಮತ್ತಾಯನ 6ನೇ ಅಧ್ಯಾಯದಲ್ಲಿ. ಆದರೆ ಅದೇ ಬೋಧನೆಯ ಹಿಂದಿನ ಅಧ್ಯಾಯದಲ್ಲಿ, ದೀಪ ಹಚ್ಚಿ ಮುಚ್ಚಿಡಬೇಡಿ, ನಿಮ್ಮ ಒಳ್ಳೆಯ ಕೆಲಸ ಜನರಿಗೆ ಕಾಣಲಿ ಅಂತಲೂ ಇದೆ. ನನಗೆ ಅನುಕೂಲವಾದ ಅಧ್ಯಾಯ ಆರಿಸಿಕೊಂಡಿದ್ದೆ, ಅಷ್ಟೆ.

ನಮ್ಮ ಕಲಬುರಗಿ ಧರ್ಮಪ್ರಾಂತ್ಯ ತೀರಾ ಹೊಸದು. 2005ರ ಜೂನ್‌ನಲ್ಲಿ ಅದನ್ನು ಸ್ಥಾಪಿಸಿದವರು ಪೋಪ್ 16ನೇ ಬೆನೆಡಿಕ್ಟ್. ಅದೇ ವರ್ಷ ಡಿಸೆಂಬರ್ 25ರ ದಿನಾಂಕ ಹಾಕಿ ಅವರು ಬರೆದ ಮೊದಲ ಪರಿಪತ್ರ ‘ದೇವುಸ್ ಕಾರಿತಾಸ್ ಎಸ್ತ್’ ಇದೇ ವಿಷಯಕ್ಕೆ ಬರುತ್ತದೆ. ಅದರ ಸಾರ ಇಷ್ಟು: ಸೇವೆಯನ್ನು ಮತಕ್ಕೆ ಸೆಳೆಯುವ ಉಪಾಯ ಮಾಡಿಕೊಳ್ಳಬಾರದು, ದೇವರ ಬಗ್ಗೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿದ್ದು ಪ್ರೀತಿಯೊಂದೇ ಮಾತಾಡಲು ಬಿಡಬೇಕು ಎನ್ನುವುದು ಕ್ರೈಸ್ತನಿಗೆ ಗೊತ್ತಿರಬೇಕು. ಬ್ಯಾನರ್ ವಾದವನ್ನು ಈ ಮಾತು ಮುಗಿಸುತ್ತದೆ. ಆದರೆ ಅವರು ಹೇಳಿದ್ದು ಸುಮ್ಮನಿರುವ ಬಗ್ಗೆ. ನಾನು ಸುಮ್ಮನಿರಲಿಲ್ಲ, ಸುಳ್ಳು ಹೇಳಿದೆ.

ಭಯ ಸುಳ್ಳಲ್ಲ, ಅದನ್ನೂ ಹೇಳಬೇಕು. ಎರಡು ವರ್ಷದ ನಂತರ, 2022ರಲ್ಲಿ ಬಂದ ರಾಜ್ಯದ ಮತಾಂತರ ತಡೆ ಕಾಯ್ದೆ ‘ಆಮಿಷ’ದ ವ್ಯಾಖ್ಯೆಯಲ್ಲಿ ಉಡುಗೊರೆ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿಯನ್ನೂ ಸೇರಿಸಿತು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಈ ಎರಡರ ನಡುವೆ ಒಂದು ಅಕ್ಕಿ ಪೊಟ್ಟಣ ಎಲ್ಲಿ ನಿಲ್ಲುತ್ತದೆ ಅನ್ನುವುದು ಗೇಟಿನಲ್ಲಿ ಮೊಬೈಲ್ ಹಿಡಿದು ನಿಂತವನ ಮನಸ್ಸಿಗೆ ಬಿಟ್ಟದ್ದು. ಹಾಗಿರುವಾಗ ‘ಧೈರ್ಯ ಮಾಡಬೇಕಿತ್ತು’ ಅಂತ ಎಸಿ ರೂಮಿನಲ್ಲಿ ಕೂತು ಬರೆಯುವುದು ಸುಲಭ.

ಆಫೀಸಿನಲ್ಲಿ ನನಗೆ ಧೈರ್ಯಕ್ಕೇನೂ ಕೊರತೆಯಿಲ್ಲ. ಊಟದ ಟೇಬಲಿನಲ್ಲಿ ಯಾರಾದರೂ ನಗುತ್ತಾ, ‘ನೀವು ಯಾವಾಗ ಕನ್ವರ್ಟ್ ಆಗಿದ್ದು ಗುರು?’ ಅಂದರೆ ಉತ್ತರ ರೆಡಿ. ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕರಿದ್ದಾರೆ, ನಾಲ್ಕು ಶತಮಾನ ದಾಟಿದೆ, ನಿಮ್ಮ ಬೆಂಗಳೂರಿನ ಎಷ್ಟು ಮನೆತನ ಅಷ್ಟು ಹಳೆಯದು ಹೇಳಿ ಅಂತ ಬಾಯಿ ಮುಚ್ಚಿಸುತ್ತೇನೆ. ನಂಬಿಕೆಯನ್ನು ಸಮರ್ಥಿಸಿಕೊಂಡೆ ಅನ್ನಿಸುತ್ತದೆ. ನಿಜವಾಗಿ ಸಮರ್ಥಿಸಿಕೊಂಡದ್ದು ನನ್ನ ಮರ್ಯಾದೆಯನ್ನು. ವಾದ ಗೆದ್ದು ಸೀಟಿಗೆ ಬಂದಮೇಲೆ ಆ ಗೆಳೆಯನಿಗೆ ಯೇಸುವಿನ ಬಗ್ಗೆ ಮೊದಲಿಗಿಂತ ಒಂದಕ್ಷರವೂ ಹೆಚ್ಚು ಗೊತ್ತಾಗಿರುವುದಿಲ್ಲ.

ವಿಚಿತ್ರ ಅಂದರೆ, ನಂಬಿಕೆಯ ಬಗ್ಗೆ ಉತ್ತರ ಹೇಳಲು ಸಿದ್ಧರಿರಿ ಅನ್ನುವ ಬುದ್ಧಿಮಾತು ಬೈಬಲಿನಲ್ಲಿ ಬರುವುದು ಅದೇ ಪೇತ್ರನ ಹೆಸರಿನ ಪತ್ರದಲ್ಲಿ. ಅಂಗಳದಲ್ಲಿ ಜಾರಿದವನಿಗೇ ಅದರ ಬೆಲೆ ಗೊತ್ತು ಅಂತ ಕಾಣುತ್ತದೆ. ಕೇಳಿದವರಿಗೆ ಹೇಳಿ, ಅದೂ ಮೃದುವಾಗಿ ಅನ್ನುತ್ತದೆ ಆ ಪತ್ರ. ಕೇಳದವರ ಬೆನ್ನು ಹತ್ತಿ ಎಂದೂ ಇಲ್ಲ, ಕೇಳಿದವರಿಂದ ಮುಚ್ಚಿಡಿ ಎಂದೂ ಇಲ್ಲ.

ಆಯಿ ಕೇಳಿದ್ದಳು. ಉಳಿದದ್ದೆಲ್ಲ ಬಿಟ್ಟು ನನ್ನನ್ನು ಕಾಡಿದ್ದು ಆಕೆಯ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಉಣ್ಣುವವರಿಗೆ ಯಾರ ಅನ್ನ ಅಂತ ಯಾವಾಗಲೂ ಗೊತ್ತು. ಶರಣಬಸವೇಶ್ವರರ ದಾಸೋಹ ಯಾರದು ಅಂತ ಗೊತ್ತು, ಬಂದೇ ನವಾಜ್ ದರ್ಗಾದ ಉರುಸಿಗೆ ಹೋಗುವ ಹಿಂದೂಗಳಿಗೂ ಅದು ಯಾರ ದರ್ಗಾ ಅಂತ ಗೊತ್ತು. ಗೊತ್ತಿದ್ದೇ ಹೋಗುತ್ತಾರೆ, ಬೇಡವಾದವರು ಗೊತ್ತಿದ್ದೇ ಹೋಗುವುದಿಲ್ಲ. ಹೆಸರು ಗೊತ್ತಿಲ್ಲದಿದ್ದರೆ ‘ಒಲ್ಲೆ’ ಅನ್ನುವ ಹಕ್ಕೇ ಇರುವುದಿಲ್ಲ, ನೆನೆಯುವ ಹಕ್ಕೂ ಇರುವುದಿಲ್ಲ. ಬ್ಯಾನರ್ ಕಟ್ಟುವವನು ಆಕೆಯ ಹಸಿವನ್ನು ತನ್ನ ಹೆಸರಿಗೆ ಬಳಸಿಕೊಳ್ಳುತ್ತಾನೆ. ನಾನು ನನ್ನ ಸುರಕ್ಷತೆಗೆ ಬಳಸಿಕೊಂಡೆ. ಆಕೆ ಎರಡೂ ಕಡೆ ಬರೀ ಕೈಯೊಡ್ಡುವವಳಾಗಿಯೇ ಉಳಿದಳು. ಇದನ್ನು ಬೆನೆಡಿಕ್ಟರ ಪರಿಪತ್ರದಿಂದಲ್ಲ, ಆಕೆಯಿಂದಲೇ ಕಲಿತೆ.

ನಾಲ್ಕು ದಿನ ಬಿಟ್ಟು ಎರಡನೇ ಲೋಡ್ ಹೋಯಿತು. ಮತ್ತೆ ಬ್ಯಾನರ್ ಇಲ್ಲ. ಗೇಟಿನಲ್ಲಿ ಆ ಯುವಕ ಇರಲಿಲ್ಲ. ಇದ್ದಿದ್ದರೆ ಏನು ಹೇಳುತ್ತಿದ್ದೆನೋ, ಎದೆ ತಟ್ಟಿ ಹೇಳಲಾರೆ. ಆಯಿ ಅದೇ ಗೋಡೆಗೆ ಒರಗಿದ್ದಳು. ಹತ್ತಿರ ಕೂತು, ‘ಆಯಿ, ಅವತ್ತ ಕೇಳಿದ್ರೆಲ್ಲ, ನಾವು ಚರ್ಚಿನವ್ರು. ಕಲಬುರಗಿ ಚರ್ಚಿನ ಮಂದಿ ಕೂಡಿ ಕಳಿಸಿದ್ದು’ ಅಂದೆ.

ಆಕೆ ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ‘ಏಸುಸ್ವಾಮಿ ಮಂದಿ?’

‘ಹೌದ್ರೀ.’

‘ಮತ್ತ ಅವತ್ತ ಯಾಕ ಹೇಳಲಿಲ್ಲ?’

‘ಅಂಜಿಕಿ ಆಯ್ತ್ರೀ.’

‘ನನಗ?’ ಅಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ, ಇದ್ದ ಎರಡೂ ಕೌದಿ ನೀರಿನಾಗ ಹೋದವು, ರಾತ್ರಿ ಥಂಡಿ ಭಾಳ, ಹಳೆಯದಾದರೂ ನಡೀತದ, ಮುಂದಿನ ಸಲ ಒಂದು ಹೊದಿಕಿ ತಗೊಂಡು ಬಾ ಅಂದಳು.