ಸಂಶಯದ ಪಾಲು

2024ರ ಅಕ್ಟೋಬರ್ 13ರಂದು ಷಿಕಾಗೋ ನಗರದಲ್ಲಿ ಕೆನ್ಯದ ರೂತ್ ಚೆಪಂಗೆಟಿಚ್ ಮ್ಯಾರಥಾನನ್ನು 2 ಗಂಟೆ 9 ನಿಮಿಷ 56 ಸೆಕೆಂಡುಗಳಲ್ಲಿ ಓಡಿ ಮುಗಿಸಿದಳು. ಮಹಿಳೆಯರ ಹಿಂದಿನ ವಿಶ್ವದಾಖಲೆಗಿಂತ ಸುಮಾರು ಎರಡು ನಿಮಿಷ ಕಡಿಮೆ. ಅಂದೇ ಪತ್ರಕರ್ತರೊಬ್ಬರು ಮದ್ದಿನ ಸಂಶಯವನ್ನು ಅವಳೆದುರಿಗೇ ಎತ್ತಿದರು. 2025ರ ಮಾರ್ಚಿಯಲ್ಲಿ ಕೊಟ್ಟ ಮೂತ್ರದಲ್ಲಿ ನಿಷಿದ್ಧ ಮೂತ್ರವರ್ಧಕವೊಂದು ಸಿಕ್ಕಿತು. ಮೂರು ವರ್ಷ ಬಹಿಷ್ಕಾರವಾಯಿತು. ಷಿಕಾಗೋದ ದಾಖಲೆ ಅದಕ್ಕೂ ಮುಂಚಿನದಾದ್ದರಿಂದ ಅಳಿಯಲಿಲ್ಲ.

ಹಾಗಾದರೆ ಅಂದೇ ಅವಳನ್ನು ಕಳ್ಳಿಯೆಂದವರು ಮಾಡಿದ್ದು ಸರಿಯೇ? ಸರಿಯೆಂದು ನಾನು ಹೇಳಲಾರೆ. ಕೇಳಿದ್ದು ತಪ್ಪಲ್ಲ, ಆಧಾರವಿಲ್ಲದೆ ತೀರ್ಪು ಕೊಟ್ಟದ್ದು ತಪ್ಪು. ಮುಂದೆ ಸಿಕ್ಕ ಸಾಕ್ಷ್ಯ ಹಿಂದಿನ ಆತುರವನ್ನು ನ್ಯಾಯವನ್ನಾಗಿಸದು.

ಪರೀಕ್ಷೆ ಕಳಂಕವನ್ನು ತೋರಿಸಬಲ್ಲುದು, ನಿಷ್ಕಳಂಕತೆಯನ್ನು ತೋರಿಸಲಾರದು. ಬೆಂಕಿಯನ್ನು ಹೊಕ್ಕು ಬಂದ ಸೀತೆಗೂ ಅಗಸನ ಮಾತು ತಪ್ಪಲಿಲ್ಲ. ನಾಳೆ ಇನ್ನೊಬ್ಬ ಹುಡುಗಿ ಬರಿಯ ಕಾಲಿನ ಬಲದಿಂದಲೇ ಇಷ್ಟು ವೇಗವಾಗಿ ಓಡಿದರೆ, ತಾನು ಶುದ್ಧಳೆಂದು ಸಾಧಿಸುವ ದಾರಿ ಅವಳಿಗಿಲ್ಲ. ಹಿಂದಿನವರ ಮೋಸಕ್ಕೆ ದಂಡ ತೆರುವವಳು ಅವಳೇ.

ಆದ್ದರಿಂದ ಸಂಶಯವನ್ನು ಪ್ರಯೋಗಶಾಲೆಗೆ ಒಪ್ಪಿಸೋಣ. ಅಲ್ಲಿ ವರ್ಷವಿಡೀ ಪರೀಕ್ಷೆ ನಡೆಯಲಿ. ಫಲಿತಾಂಶ ಬರುವವರೆಗೆ ನಮ್ಮ ಪಾಲಿನ ಕೆಲಸ ಚಪ್ಪಾಳೆ ತಟ್ಟುವುದು. ಒಮ್ಮೊಮ್ಮೆ ಮೋಸಹೋದೇವು. ಶುದ್ಧಳೊಬ್ಬಳನ್ನು ಕಳ್ಳಿಯೆನ್ನುವುದಕ್ಕಿಂತ ಅದು ಸಣ್ಣ ನಷ್ಟ.